ರೋಬೊಕಾನ್ ಬೇಸ್: ಮೂರು ಓಮ್ನಿ, ನಾಲ್ಕು ಓಮ್ನಿ, ಮೆಕಾನಮ್, ಸ್ವರ್ವ್. ಯಾವುದಕ್ಕೆ ಕೈ ಹಾಕೋಣ?

ಗಾಲಿ_ಗುಂಡ · ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಮೂರನೇ ವರ್ಷ. ನಮ್ಮ ಕಾಲೇಜಿನ ರೋಬೊಕಾನ್ (ಕಾಲೇಜುಗಳ ರೋಬೋ ಸ್ಪರ್ಧೆ) ತಂಡದಲ್ಲಿ ಈ ಸಲ ಬೇಸ್, ಅಂದರೆ ಗಾಲಿ ಮೋಟಾರ್ ಇರುವ ಕೆಳಭಾಗ, ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ರೋಬೋ ತೂಕ ಸುಮಾರು 25 ಕೆಜಿ ಆಗುತ್ತದೆ. ಬ್ಯಾಟರಿ 24 ವೋಲ್ಟ್. ಅಂಕಣ ಬಣ್ಣ ಬಳಿದ ಪ್ಲೈವುಡ್. ತಿರುಗದೇ ಎಲ್ಲ ದಿಕ್ಕಿಗೂ ಓಡಬೇಕು.

ಸೀನಿಯರ್‌ಗಳು ಬಿಟ್ಟು ಹೋದ ಮೂರು ಓಮ್ನಿ ಗಾಲಿಯ (ಅಂಚಿನ ಸುತ್ತ ಪುಟ್ಟ ರೋಲರ್ ಇದ್ದು ಅಡ್ಡಕ್ಕೂ ಉರುಳುವ ಗಾಲಿ) ಬೇಸ್ ಒಂದಿದೆ. ಲ್ಯಾಬಿನ ಮೂಲೆಯಲ್ಲಿ ಮೆಕಾನಮ್ ಗಾಲಿಗಳ (ರೋಲರ್ 45 ಡಿಗ್ರಿ ಓರೆ ಇರುವವು) ಒಂದು ಸೆಟ್ ಧೂಳು ತಿನ್ನುತ್ತಿದೆ, ಅದಕ್ಕೇ ಅರ್ಧ ತಂಡ 'ಇರೋದನ್ನ ಬಳಸೋಣ' ಎನ್ನುತ್ತಿದೆ. ಉಳಿದ ಅರ್ಧ ತಂಡ ಅಮೆರಿಕದ ಹೈಸ್ಕೂಲ್ ರೋಬೋಗಳ ವಿಡಿಯೋ ನೋಡಿ ಸ್ವರ್ವ್ (ಪ್ರತಿ ಗಾಲಿಯನ್ನೂ ಬೇರೆಯಾಗಿ ಬೇಕಾದ ದಿಕ್ಕಿಗೆ ತಿರುಗಿಸುವ ಬೇಸ್) ಬೇಕೇ ಬೇಕು ಎಂದು ಹಠ ಹಿಡಿದಿದೆ. ನನ್ನ ಮನಸ್ಸು ನಾಲ್ಕು ಓಮ್ನಿ ಕಡೆಗೆ. ಆದರೆ ಯಾಕೆ ಎಂದು ಕೇಳಿದರೆ ಗಟ್ಟಿ ಉತ್ತರ ನನ್ನ ಹತ್ತಿರ ಇಲ್ಲ.

ಇನ್ನೊಂದು ವಿಷಯ. ಮೋಟಾರ್ ಅಂಗಡಿಯಲ್ಲಿ 'ಎಷ್ಟು ಆರ್‌ಪಿಎಂ ಬೇಕು', ಅಂದರೆ ನಿಮಿಷಕ್ಕೆ ಎಷ್ಟು ಸುತ್ತು, ಎಂದು ಕೇಳುತ್ತಾರೆ. ನಾವು ಸುಮ್ನೆ '500' ಎಂದು ಹೇಳಿ ತರುತ್ತಿದ್ದೇವೆ. ಇದನ್ನು ಲೆಕ್ಕ ಹಾಕುವುದು ಹೇಗೆ?

ಟಾರ್ಕ್_ತಾತ · ರಾತ್ರಿ 9:15

ಸ್ವರ್ವ್ ಬೇಡ. ಮುಂದಿನ ಪ್ರಶ್ನೆ.

ಸ್ಪಿನ್_ಮಾಸ್ಟರ್ · ರಾತ್ರಿ 9:17

ತಾತ, ಕಾರಣ ಹೇಳದೆ 'ಬೇಡ' ಎನ್ನುವುದು ಯಾವ ನ್ಯಾಯ? ರೋಬೊಕಾನ್‌ನಲ್ಲಿ ಚೀನಾ, ಜಪಾನ್ ತಂಡಗಳು ಗಾಲಿ ತಿರುಗಿಸುವ ಬೇಸ್ ಬಳಸುತ್ತಿವೆ. ಅವರೇನು ದಡ್ಡರಾ?

ಪೀಣ್ಯ_ಫಿಟ್ಟರ್ · ರಾತ್ರಿ 9:31

ಗುಂಡ, ಗಾಲಿ ಆರಿಸುವ ಮೊದಲು ನಾಲ್ಕು ವಿಷಯ ಹೇಳಪ್ಪ. ಆಟದಲ್ಲಿ ಅತಿ ಹೆಚ್ಚು ಸಲ ಓಡುವ ದೂರ ಎಷ್ಟು? ಇಳಿಜಾರು ಇದೆಯಾ? ಎದುರಾಳಿ ರೋಬೋ ಬಂದು ತಳ್ಳಬಹುದಾ? ಓಡಿಸುವವನು ಮನುಷ್ಯನೋ, ರೋಬೋ ತಾನೇ ಓಡಬೇಕೋ? ಇದು ಗೊತ್ತಿಲ್ಲದೆ ಮೆಕಾನಮ್ ಒಳ್ಳೆಯದಾ ಓಮ್ನಿ ಒಳ್ಳೆಯದಾ ಎಂದರೆ ಯಾರೂ ಹೇಳಲು ಆಗುವುದಿಲ್ಲ.

ಗಾಲಿ_ಗುಂಡ · ರಾತ್ರಿ 9:38

ಸರ್, ನಾವು 2025ರ ಬಾಸ್ಕೆಟ್‌ಬಾಲ್ ಆಟವನ್ನೇ ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇವೆ. ಉಲಾನ್‌ಬಾತರ್‌ನಲ್ಲಿ ನಡೆದದ್ದು. ಎರಡೂ ತಂಡ ಒಂದೇ ಅಂಕಣದಲ್ಲಿ ಇರುತ್ತವೆ, ಹಾಗಾಗಿ ಅಡ್ಡ ಬರುವುದು ಇದ್ದೇ ಇದೆ. ಸಾಮಾನ್ಯ ಓಟ 4 ಮೀಟರ್ ಎಂದುಕೊಳ್ಳಿ. ಇಳಿಜಾರು ಇಲ್ಲ. ರಿಮೋಟ್‌ನಲ್ಲಿ ಓಡಿಸುತ್ತೇವೆ, ಆದರೆ ಶೂಟ್ ಮಾಡುವ ಜಾಗಕ್ಕೆ ತಾನಾಗಿಯೇ ಹೋಗಿ ನಿಲ್ಲಬೇಕು ಎಂಬ ಆಸೆ ಇದೆ.

ಮಿಶಿಗನ್_ಅಮ್ಮ · ರಾತ್ರಿ 9:56

ನಾನು ಇಲ್ಲಿ ಒಂದು ಹೈಸ್ಕೂಲ್ ಎಫ್‌ಆರ್‌ಸಿ (ಫಸ್ಟ್ ರೋಬೊಟಿಕ್ಸ್ ಕಾಂಪಿಟಿಷನ್) ತಂಡಕ್ಕೆ ಮೆಂಟರ್. ಮಗಳು ಸೇರಿಕೊಂಡಳು ಅಂತ ಹೋದವಳು, ಅವಳು ಶಾಲೆ ಮುಗಿಸಿ ಹೋದರೂ ನಾನು ಬಿಟ್ಟಿಲ್ಲ. ನೀವು ನೋಡಿದ ವಿಡಿಯೋಗಳು ನಮ್ಮ ಕಡೆಯವೇ ಇರಬೇಕು. ಅದಕ್ಕೇ ಎರಡು ಮಾತು.

ಇಲ್ಲಿ ತುಂಬಾ ವರ್ಷ ನಡೆದದ್ದು ಟ್ಯಾಂಕ್ ಡ್ರೈವ್, ಅಂದರೆ ಎಡ ಬಲದ ಗಾಲಿಗಳ ವೇಗ ಬೇರೆ ಮಾಡಿ ತಿರುಗಿಸುವ ಬೇಸ್. ಅದರಲ್ಲೂ ಕ್ಯಾಲಿಫೋರ್ನಿಯಾ ತಂಡಗಳಿಂದ ಹೆಸರಾದ 'ವೆಸ್ಟ್ ಕೋಸ್ಟ್ ಡ್ರೈವ್'. ಪ್ರತಿ ಬದಿಗೆ ಮೂರು ಗಾಲಿ, ನಡುವಿನದು ಸುಮಾರು 3 ಮಿಲಿಮೀಟರ್ ಕೆಳಗೆ. ಸರಳ, ಗಟ್ಟಿ, ತಳ್ಳಾಟಕ್ಕೆ ಹೇಳಿ ಮಾಡಿಸಿದ್ದು. ಕಳೆದ ಕೆಲವು ವರ್ಷಗಳಲ್ಲಿ ಮೇಲಿನ ಹಂತದ ಬಹುತೇಕ ತಂಡಗಳು ಸ್ವರ್ವ್ ಕಡೆಗೆ ಹೋದವು. ಆದರೆ ಹೇಗೆ ಹೋದವು ಅನ್ನುವುದನ್ನೂ ನೋಡಬೇಕು. ಮಾಡ್ಯೂಲ್ (ಒಂದು ಗಾಲಿ, ಅದರ ಗೇರ್ ಸೇರಿದ ಘಟಕ) ರೆಡಿಯಾಗಿ ಅಂಗಡಿಯಲ್ಲಿ ಸಿಗುತ್ತದೆ. ಗೇರ್ ರೇಶಿಯೋ ಮೂರ್ನಾಲ್ಕು ಬಗೆ, 8.14ಕ್ಕೆ 1, 6.75ಕ್ಕೆ 1, ಹೀಗೆ. ಬ್ರಷ್‌ಲೆಸ್ ಮೋಟಾರಿನ ಒಳಗೇ ಡ್ರೈವರ್ ಬೋರ್ಡ್ ಕೂತಿರುತ್ತದೆ. ಕೋಡ್ ಲೈಬ್ರರಿ ಪುಕ್ಕಟೆ. ಮಕ್ಕಳು ಜೋಡಿಸಿ, ಟ್ಯೂನ್ ಮಾಡಿ, ಓಡಿಸುತ್ತಾರೆ. ಮೊದಲಿನಿಂದ ಮಾಡ್ಯೂಲ್ ಡಿಸೈನ್ ಮಾಡುವವರು ಕಡಿಮೆ.

ಇನ್ನೊಂದು, ನಮ್ಮ ಅಂಕಣಕ್ಕೆ ಕಾರ್ಪೆಟ್ ಹಾಸಿರುತ್ತದೆ. ಗಾಲಿಗೆ ಒಳ್ಳೆಯ ಟ್ರೆಡ್ ಹಾಕಿದರೆ ಗ್ರಿಪ್ ಸಂಖ್ಯೆ (ಘರ್ಷಣೆಯ ಗುಣಾಂಕ) 1ರ ಹತ್ತಿರ ಬರುತ್ತದೆ. 2025ರಲ್ಲಿ ಬಂಪರ್, ಬ್ಯಾಟರಿ ಬಿಟ್ಟು 115 ಪೌಂಡ್, ಅಂದರೆ 52 ಕೆಜಿ ತನಕ ರೋಬೋ ಇರಬಹುದಿತ್ತು. ಆ ತೂಕ, ಆ ಗ್ರಿಪ್ ಇದ್ದಾಗ ಸ್ವರ್ವ್‌ನ ಲಾಭ ಜಾಸ್ತಿ. ಬಣ್ಣದ ಪ್ಲೈವುಡ್ ಮೇಲೆ 25 ಕೆಜಿ ರೋಬೋಗೆ ಅಷ್ಟೇ ಲಾಭ ಸಿಗುತ್ತದಾ? ಲೆಕ್ಕ ಹಾಕಿ ನೋಡಿ.

ಸ್ಪಿನ್_ಮಾಸ್ಟರ್ · ರಾತ್ರಿ 10:03

ಮೇಡಂ, ಲೆಕ್ಕ ಹಾಕಿದರೂ ಸ್ವರ್ವೇ ಗೆಲ್ಲುತ್ತದೆ. ಓಮ್ನಿ, ಮೆಕಾನಮ್ ಎರಡರಲ್ಲೂ ಗಾಲಿಗಳು ಒಂದನ್ನೊಂದು ಎಳೆದಾಡುತ್ತವೆ. ನಾಲ್ಕೂ ಗಾಲಿಯ ಗ್ರಿಪ್ ಪೂರ್ತಿ ಒಂದೇ ದಿಕ್ಕಿಗೆ ಸಿಗುವುದು ಸ್ವರ್ವ್‌ನಲ್ಲಿ ಮಾತ್ರ.

ಪೀಣ್ಯ_ಫಿಟ್ಟರ್ · ರಾತ್ರಿ 10:41

ಊಟ ಮುಗಿಸಿ ಲೆಕ್ಕ ಹಾಕಿದೆ. ಕಾಗದ ಪೆನ್ನು ಇದ್ದರೆ ಸಾಕು, ಸಾಫ್ಟ್‌ವೇರ್ ಬೇಡ.

ಓಟ 4 ಮೀಟರ್. ಅರ್ಧ ದೂರ ವೇಗ ಏರಿಸುತ್ತೀಯ, ಅರ್ಧ ದೂರ ಇಳಿಸುತ್ತೀಯ. ವೇಗೋತ್ಕರ್ಷ ಸೆಕೆಂಡಿಗೆ 3 ಮೀಟರ್ ಪ್ರತಿ ಸೆಕೆಂಡ್ ಎಂದು ಇಟ್ಟುಕೋ. ಆಗ ಮಧ್ಯದಲ್ಲಿ ಸಿಗುವ ಗರಿಷ್ಠ ವೇಗ 3 ಗುಣಿಸು 4ರ ವರ್ಗಮೂಲ, ಅಂದರೆ ಸೆಕೆಂಡಿಗೆ ಸುಮಾರು 3.46 ಮೀಟರ್. ಇದಕ್ಕಿಂತ ಜಾಸ್ತಿ ವೇಗದ ಮೋಟಾರ್ ತಂದರೆ ಆ ವೇಗವನ್ನು ನಿನ್ನ ರೋಬೋ ನೋಡುವುದೇ ಇಲ್ಲ. ಟಾರ್ಕ್ (ತಿರುಗಿಸುವ ಬಲ) ಕಳೆದುಕೊಂಡದ್ದಷ್ಟೇ ಬಂತು. ಎಷ್ಟೋ ಹುಡುಗರು '5 ಮೀಟರ್ ಸ್ಪೀಡ್ ಸರ್' ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅಷ್ಟು ವೇಗ ಮುಟ್ಟುವ ಮೊದಲೇ ಬ್ರೇಕ್ ಹಾಕಬೇಕಲ್ಲಪ್ಪ!

ನಾಲ್ಕು ಓಮ್ನಿಯನ್ನು ಮೂಲೆಗಳಲ್ಲಿ 45 ಡಿಗ್ರಿಗೆ ಇಟ್ಟರೆ, ನೇರ ಮುಂದೆ ಹೋಗುವಾಗ ಗಾಲಿಯ ಅಂಚಿನ ವೇಗಕ್ಕಿಂತ ರೋಬೋ ವೇಗ 1.41 ಪಟ್ಟು. ಹಾಗಾಗಿ ಗಾಲಿಗೆ 2.45 ಮೀಟರ್ ಸಾಕು. 127 ಮಿಲಿಮೀಟರ್ ಗಾಲಿ ಒಂದು ಸುತ್ತಿಗೆ 0.4 ಮೀಟರ್ ಹೋಗುತ್ತದೆ. ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 370 ಸುತ್ತು. ಲೋಡ್ ಬಿದ್ದಾಗ ಮೋಟಾರ್ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಖಾಲಿ ಓಡುವಾಗ 450ರಿಂದ 500 ಇರುವುದನ್ನು ತಗೋ. ನೀನು ಅಂಗಡಿಯಲ್ಲಿ ಸುಮ್ನೆ ಹೇಳಿದ 500 ಈ ಗಾಲಿಗೆ ಸರಿಯಾಗಿಯೇ ಕೂತಿತು, ಅದೃಷ್ಟ. ಗಾಲಿ ಸೈಜ್ ಬದಲಾಯಿಸಿದರೆ ಅದೃಷ್ಟವೂ ಬದಲಾಗುತ್ತದೆ.

ಈಗ ಬಲ. 25 ಕೆಜಿಗೆ ಆ ವೇಗ ಏರಿಸಲು 75 ನ್ಯೂಟನ್ ಬೇಕು. 45 ಡಿಗ್ರಿ ಇರುವುದರಿಂದ ಪ್ರತಿ ಗಾಲಿ 26.5 ನ್ಯೂಟನ್ ತಳ್ಳಬೇಕು. ಟಾರ್ಕ್ 1.7 ನ್ಯೂಟನ್ ಮೀಟರ್‌ನಷ್ಟು. ಪ್ರತಿ ಗಾಲಿ ಮೇಲೆ ಕೂತಿರುವ ಭಾರ 61 ನ್ಯೂಟನ್. ಅಂದರೆ ಗ್ರಿಪ್ ಸಂಖ್ಯೆ ಕನಿಷ್ಠ 0.43 ಬೇಕು. ರಬ್ಬರ್ ರೋಲರ್ ಇದ್ದರೆ ಬರುತ್ತದೆ. ಗಟ್ಟಿ ಪ್ಲಾಸ್ಟಿಕ್ ರೋಲರ್‌ನ ಅಗ್ಗದ ಓಮ್ನಿ ತಂದರೆ ಜಾರುತ್ತದೆ. ಮೋಟಾರ್ ದೊಡ್ಡದು ಹಾಕಿದರೂ ಜಾರುವುದು ಜಾರುವುದೇ.

ಸ್ವರ್ವ್ ಲಾಭ ಎಷ್ಟು? ಅದೇ ಗ್ರಿಪ್‌ನಲ್ಲಿ 1.41 ಪಟ್ಟು ವೇಗೋತ್ಕರ್ಷ ಸಿಗುತ್ತದೆ, ಒಪ್ಪಿದೆ. 4 ಮೀಟರ್ ಓಟ ಓಮ್ನಿಗೆ 2.3 ಸೆಕೆಂಡ್, ಸ್ವರ್ವ್‌ಗೆ 1.95. ಹತ್ತಿರ ಹತ್ತಿರ 0.35 ಸೆಕೆಂಡ್ ಉಳಿತಾಯ. ಅದರಲ್ಲಿ ದಿಕ್ಕು ಬದಲಿಸಿದಾಗ ಗಾಲಿ ತಿರುಗಿ ನಿಲ್ಲುವ ಸಮಯ ಕಳಿ. ಜಾಸ್ತಿ ನಾಲ್ಕು ಮೋಟಾರ್‌ನ ತೂಕ ಕಳಿ. ಉಳಿದದ್ದು ನಿನಗೆ ಬೇಕಾ ನೋಡು.

ಟಾರ್ಕ್_ತಾತ · ರಾತ್ರಿ 10:44

ನಾನು ಎರಡೇ ಪದದಲ್ಲಿ ಹೇಳಿದ್ದನ್ನು ಇವರು ವಿವರವಾಗಿ ಹೇಳಿದರು 😄

ಸ್ಪಿನ್_ಮಾಸ್ಟರ್ · ರಾತ್ರಿ 10:52

ಸರ್, ನಿಮ್ಮ ಲೆಕ್ಕ ನೇರ ಮುಂದೆ ಹೋಗುವುದಕ್ಕೆ ಮಾತ್ರ. ಓಮ್ನಿ ಬೇಸ್ ಮೂಲೆ ದಿಕ್ಕಿಗೆ ಹೋದರೆ ಎರಡೇ ಗಾಲಿ ತಳ್ಳುತ್ತವೆ, ಇನ್ನೆರಡು ಸುಮ್ನೆ ಉರುಳುತ್ತವೆ. ಆಗ ಸಿಗುವುದು ಅರ್ಧ ಗ್ರಿಪ್. ಇದನ್ನು ಯಾಕೆ ಹೇಳಲಿಲ್ಲ?

ಪೀಣ್ಯ_ಫಿಟ್ಟರ್ · ರಾತ್ರಿ 10:58

ಸರಿಯಾದ ಮಾತು. ಅದಕ್ಕೇ ಆಟದಲ್ಲಿ ಉದ್ದದ ಓಟ ಯಾವ ದಿಕ್ಕಿಗೆ ಇದೆಯೋ ಆ ದಿಕ್ಕಿಗೆ ರೋಬೋ ಮುಖ ಇಟ್ಟು ಗಾಲಿ ಕೂರಿಸಬೇಕು. ಎಲ್ಲ ದಿಕ್ಕೂ ಒಂದೇ ಎಂದು ಓಮ್ನಿ ಬೇಸ್ ಮಾಡುವವರು ಇದನ್ನು ಮರೆಯುತ್ತಾರೆ.

ಕಾರ್ಖಾನೆ_ಕಿಟ್ಟಿ · ರಾತ್ರಿ 11:05

ಯಾರೂ ಮೆಕಾನಮ್ ಪರ ಮಾತಾಡುತ್ತಿಲ್ಲವಲ್ಲ. ನಾನು ಗೋದಾಮಿನ ಗಾಡಿಗಳ ಕೆಲಸ ಮಾಡುವವನು. ಸ್ವೀಡನ್ನಿನ ಬೆಂಗ್ಟ್ ಇಲೋನ್ 1970ರ ದಶಕದಲ್ಲಿ ಮಾಡಿದ ಗಾಲಿ ಇವತ್ತಿಗೂ ಭಾರ ಹೊರುವ ಗಾಡಿಗಳಲ್ಲಿ ಇದೆ. ದೊಡ್ಡ ಅನುಕೂಲ ಏನೆಂದರೆ ನಾಲ್ಕೂ ಗಾಲಿ ಮಾಮೂಲಿ ಕಾರಿನ ಹಾಗೆ ನೇರ ಕೂರುತ್ತವೆ. ಚೌಕಟ್ಟು ಸುಲಭ. ನಡುವೆ ಬೇಕಾದಷ್ಟು ಜಾಗ ಉಳಿಯುತ್ತದೆ. ಚೆಂಡು ಎತ್ತುವ ಯಂತ್ರ ಮುಂದೆ ಇಡಬೇಕು ಅಂದರೆ ಓಮ್ನಿಯ ಓರೆ ಮೋಟಾರ್‌ಗಳು ಅಡ್ಡ ಬರುತ್ತವೆ, ಅಲ್ವಾ?

ಬೆಳಗಾವಿ_ಬೇರಿಂಗ್ · ರಾತ್ರಿ 11:19

ಕಿಟ್ಟಿ ಅಣ್ಣ, ಜಾಗದ ಮಾತು ನಿಜ. ರೋಬೋಕಪ್‌ನ ಪುಟ್ಟ ಫುಟ್‌ಬಾಲ್ ರೋಬೋಗಳಲ್ಲೂ ಇದೇ ತಾಪತ್ರಯ. 180 ಮಿಲಿಮೀಟರ್ ವ್ಯಾಸದೊಳಗೆ ನಾಲ್ಕು ಓಮ್ನಿ ಹಿಡಿಸಬೇಕು, ಮುಂದೆ ಚೆಂಡು ಹಿಡಿಯುವ ರೋಲರ್ ಬೇಕು. ಅದಕ್ಕೆ ಮುಂದಿನ ಗಾಲಿಗಳ ಕೋನ ಒಂದು, ಹಿಂದಿನದು ಇನ್ನೊಂದು ಮಾಡುತ್ತಾರೆ.

ಆದರೆ ಮೆಕಾನಮ್ ಅಡ್ಡ ಹೋಗುವಾಗ ಕಾಗದದ ಮೇಲಿನ ಲೆಕ್ಕದಷ್ಟು ಹೋಗುವುದಿಲ್ಲ. ರೋಲರ್‌ನ ಪಿನ್ನಿನಲ್ಲೇ ಬಲ ತಿಂದುಹೋಗುತ್ತದೆ. ಧೂಳು, ಕೂದಲು ಸುತ್ತಿಕೊಂಡರಂತೂ ಕೇಳಲೇಬೇಡಿ.

ಅದಿರಲಿ, ಇಷ್ಟು ಹೊತ್ತು ಯಾರೂ ಹೇಳದ ಒಂದು ವಿಷಯ ಇದೆ. ನಾಲ್ಕು ಗಾಲಿ ಇದ್ದರೆ ನಾಲ್ಕೂ ನೆಲ ಮುಟ್ಟುತ್ತವೆ ಎಂದು ಯಾರು ಹೇಳಿದರು? ದರ್ಶಿನಿ ಹೋಟೆಲಿನ ಟೇಬಲ್ ಕಾಲಿನ ಕೆಳಗೆ ಕಾಗದ ಮಡಚಿ ಇಡುವುದು ಯಾಕೆ? ಮೂರು ಕಾಲು ಯಾವಾಗಲೂ ಕೂರುತ್ತವೆ. ನಾಲ್ಕನೆಯದು ಚೌಕಟ್ಟು ಬಗ್ಗಿದರೆ ಮಾತ್ರ ಕೂರುತ್ತದೆ. ಗಟ್ಟಿ ಅಲ್ಯೂಮಿನಿಯಂ ಬಾಕ್ಸ್ ಸೆಕ್ಷನ್ನಿನಲ್ಲಿ ವೆಲ್ಡ್ ಮಾಡಿದ ಬೇಸ್ ಬಗ್ಗುವುದಿಲ್ಲ. ಪ್ಲೈವುಡ್ ಜೋಡಣೆಯಲ್ಲಿ 2 ಮಿಲಿಮೀಟರ್ ಏರುಪೇರು ಇದ್ದರೆ ಸಾಕು, ಒಂದು ಗಾಲಿ ಗಾಳಿಯಲ್ಲಿ.

ಟ್ಯಾಂಕ್ ಡ್ರೈವ್‌ಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಓಮ್ನಿ, ಮೆಕಾನಮ್‌ಗೆ ಇದು ಮಾರಿ. ನಾಲ್ಕು ಗಾಲಿಯ ತಳ್ಳುವಿಕೆ ಒಂದಕ್ಕೊಂದು ಸರಿತೂಗಿದರೆ ಮಾತ್ರ ನೇರ ಓಟ. ಒಂದು ಜಾರಿದರೆ ಬೇಸ್ ಓರೆಯಾಗಿ ತಿರುಗುತ್ತದೆ. ಒಂದು ತಂಡ ಇದೇ ತೊಂದರೆ ನೋಡಲು ನನ್ನನ್ನು ಕರೆದಿತ್ತು. ಕೋಡ್ ಬರೆಯುವ ಹುಡುಗಿಗೆ ಎಲ್ಲರೂ ಪಿಐಡಿ (ಮೋಟಾರ್ ವೇಗ ಹಿಡಿತದಲ್ಲಿಡುವ ಕೋಡ್) ಸರಿ ಮಾಡು, ಪಿಐಡಿ ಸರಿ ಮಾಡು ಎಂದು ಕಾಟ ಕೊಡುತ್ತಿದ್ದರು, ಪಾಪ. ನಾನು ಪ್ರತಿ ಗಾಲಿ ಕೆಳಗೂ ಪತ್ರಿಕೆಯ ಒಂದು ಪಟ್ಟಿ ಇಟ್ಟು ಎಳೆದೆ. ಮೂರು ಹರಿದವು. ನಾಲ್ಕನೆಯದು ನುಣುಪಾಗಿ ಈಚೆ ಬಂತು. ಪಿಐಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮಿಶಿಗನ್_ಅಮ್ಮ · ರಾತ್ರಿ 11:24

ಪತ್ರಿಕೆ ಪಟ್ಟಿ ಉಪಾಯ ಚೆನ್ನಾಗಿದೆ! ನಾವು ನಾಲ್ಕು ತೂಕದ ಮಾಪಕ ಇಟ್ಟು ಪ್ರತಿ ಮೂಲೆಯ ಭಾರ ನೋಡುತ್ತೇವೆ. ಕಾಗದ ಅದಕ್ಕಿಂತ ಬೇಗ.

ಗಾಲಿ_ಗುಂಡ · ರಾತ್ರಿ 11:27

ಬೇರಿಂಗ್ ಅಣ್ಣ, ಪರಿಹಾರ ಏನು? ಹಾಗಾದರೆ ಮೂರು ಗಾಲಿಯೇ ವಾಸಿನಾ? ಸೀನಿಯರ್ ಬೇಸ್ ಹಾಗೇ ಇಟ್ಟುಕೊಳ್ಳಲಾ?

ಬೆಳಗಾವಿ_ಬೇರಿಂಗ್ · ರಾತ್ರಿ 11:40

ಮೂರು ಗಾಲಿ ಕೆಟ್ಟದ್ದಲ್ಲ. ಕೋಡ್ ಸುಲಭ, ಎಲ್ಲ ಗಾಲಿ ನೆಲದ ಮೇಲೆ. ಮುಂದೆ ಹೋಗುವಾಗ ಎರಡು ಗಾಲಿ ತಳ್ಳುತ್ತವೆ, ಸಿಗುವುದು ಒಂದು ಗಾಲಿಯ 1.73 ಪಟ್ಟು ಬಲ. ನಾಲ್ಕರಲ್ಲಿ 2.83 ಪಟ್ಟು. ತಳ್ಳಾಟ ಇದೆ ಎನ್ನುತ್ತೀಯ, ಅಲ್ಲಿ ಸೋಲುತ್ತೀಯ.

ನಾಲ್ಕು ಬೇಕಾದರೆ ಎರಡು ದಾರಿ. ಒಂದು, ಹಿಂದಿನ ಎರಡು ಗಾಲಿಯನ್ನು ಒಂದೇ ಅಡ್ಡಪಟ್ಟಿಗೆ ಕೂರಿಸಿ, ಆ ಪಟ್ಟಿಯನ್ನು ಮಧ್ಯದಲ್ಲಿ ಒಂದೇ ಬೋಲ್ಟಿನ ಮೇಲೆ ಆಡುವಂತೆ ಬಿಡುವುದು. ನಾಲ್ಕು ಗಾಲಿ ಇದ್ದರೂ ನೆಲದ ದೃಷ್ಟಿಯಲ್ಲಿ ಅದು ಮೂರು ಕಾಲು. ಸ್ಪ್ರಿಂಗ್ ಬೇಡ, ಡ್ಯಾಂಪರ್ ಬೇಡ. ಎರಡು, ಪ್ರತಿ ಮೋಟಾರಿಗೂ ಪುಟ್ಟ ತೋಳು, ಸ್ಪ್ರಿಂಗ್. ನೋಡಲು ಮಸ್ತ್, ಆದರೆ ಚೆಂಡು ಎಸೆದಾಗ ಬೇಸ್ ತೂಗಾಡಿ ಗುರಿ ತಪ್ಪುತ್ತದೆ. ಶೂಟ್ ಮಾಡುವ ರೋಬೋಗೆ ನಾನು ಆಡುವ ಅಡ್ಡಪಟ್ಟಿಯನ್ನೇ ಹೇಳುತ್ತೇನೆ.

ಪೀಣ್ಯ_ಫಿಟ್ಟರ್ · ರಾತ್ರಿ 11:48

ಒಪ್ಪಿದೆ. ಇನ್ನೊಂದು ಕಾರಣ ಸೇರಿಸುತ್ತೇನೆ. ಬಾಸ್ಕೆಟ್‌ಬಾಲ್ ರೋಬೋ ಎತ್ತರ ಇರುತ್ತದೆ. ಕೇಂದ್ರದಿಂದ ಗಾಲಿಗೆ 350 ಮಿಲಿಮೀಟರ್ ಎಂದುಕೋ. ಮೂರು ಗಾಲಿಯ ತ್ರಿಕೋನದಲ್ಲಿ ಅಂಚು ಕೇಂದ್ರಕ್ಕೆ 175 ಮಿಲಿಮೀಟರ್ ಹತ್ತಿರ. ಚೌಕದಲ್ಲಿ 247. ಭಾರದ ಕೇಂದ್ರ 400 ಮಿಲಿಮೀಟರ್ ಎತ್ತರ ಇದ್ದರೆ, ಮೂರು ಗಾಲಿಯದು ಸೆಕೆಂಡಿಗೆ 4.3 ಮೀಟರ್ ಪ್ರತಿ ಸೆಕೆಂಡ್ ವೇಗ ಇಳಿಯುವಂತೆ ಬ್ರೇಕ್ ಹಾಕಿದರೆ ಗಾಲಿ ಎತ್ತಲು ಶುರು ಮಾಡುತ್ತದೆ, ನಾಲ್ಕರದು 6 ಆದಾಗ. ಎದುರಾಳಿ ಬಂದು ಗುದ್ದಿದಾಗ ಈ ವ್ಯತ್ಯಾಸ ಕಾಣುತ್ತದೆ. ಅಡ್ಡಪಟ್ಟಿ ಆಡಿದರೆ ಚೌಕದ ಲಾಭ ಪೂರ್ತಿ ಉಳಿಯುವುದಿಲ್ಲ, ಹಾಗಾಗಿ ಅದು ಎಷ್ಟು ಆಡಬಹುದು ಎಂಬುದಕ್ಕೆ ಒಂದು ಸ್ಟಾಪರ್ ಹಾಕು. ಎರಡೂ ಕಡೆ 3 ಮಿಲಿಮೀಟರ್ ಆಟ ಸಾಕು.

ಬೆಳಗಾವಿ_ಬೇರಿಂಗ್ · ರಾತ್ರಿ 11:51

ಸ್ಟಾಪರ್ ಮಾತು ಸರಿ ಹೇಳಿದಿರಿ ಸರ್. ಅದು ಇಲ್ಲದಿದ್ದರೆ ಹಿಂದೆ ಎರಡು ಗಾಲಿ ಇದ್ದೂ ಪ್ರಯೋಜನವಿಲ್ಲ.

ಡ್ರಮ್_ಭೀಮ · ರಾತ್ರಿ 11:55

ನಾನು 15 ಕೆಜಿ ಕಾಳಗದ ರೋಬೋ ಮಾಡುವವನು. ನಿಮ್ಮ ಮಾತು ಕೇಳಿ ತಲೆ ಸುತ್ತುತ್ತಿದೆ. ನಮ್ಮದು ಎರಡು ಗಾಲಿ, ಎರಡು ಮೋಟಾರ್. ತಲೆಕೆಳಗಾದರೂ ಓಡಬೇಕು, ಅಷ್ಟೇ.

ಟಾರ್ಕ್_ತಾತ · ರಾತ್ರಿ 11:56

ನಿಮ್ಮದು ಮೂರು ನಿಮಿಷಕ್ಕೆ ಗುಜರಿ ಸೇರುವ ರೋಬೋ. ಓಡೋಮೆಟ್ರಿ (ಗಾಲಿ ಸುತ್ತು ಎಣಿಸಿ ಜಾಗ ತಿಳಿಯುವುದು) ಯಾಕೆ ಬೇಕು!

ಡ್ರಮ್_ಭೀಮ · ಮಧ್ಯರಾತ್ರಿ 12:01

ಹಾಹಾ. ಆದರೆ ಒಂದು ಕೆಲಸದ ಮಾತು. ಗಾಲಿಯನ್ನು ಗೇರ್‌ಬಾಕ್ಸ್ ಶಾಫ್ಟಿಗೇ ನೇರ ನೇತುಹಾಕಬೇಡಿ. ಗುದ್ದಿದರೆ ಶಾಫ್ಟ್ ಬಾಗುತ್ತದೆ, ಒಳಗಿನ ಬೇರಿಂಗ್ ಹೋಗುತ್ತದೆ. ಗಾಲಿಯ ಆಚೆ ಬದಿಗೂ ಒಂದು ಪ್ಲೇಟ್, ಒಂದು ಬೇರಿಂಗ್ ಕೊಡಿ.

ಮಲೆನಾಡ್_ಮೆಷಿನ್ · ಬೆಳಿಗ್ಗೆ 7:20

ಎದ್ದು ನೋಡಿದರೆ ಇಷ್ಟುದ್ದ ಚರ್ಚೆ. ವಿಷಯ ಬಿಟ್ಟು ಒಂದು ಮಾತು ಹೇಳಲೇ? 2022ರಲ್ಲಿ ಎಬಿಯು ರೋಬೊಕಾನ್ (ಅಂತರರಾಷ್ಟ್ರೀಯ ಸುತ್ತು) ದೆಹಲಿಯಲ್ಲಿ ನಡೆದಾಗ ಆಟ ಲಗೋರಿ. ನಾವು ಗದ್ದೆಯಲ್ಲಿ ಹಂಚಿನ ಚೂರು ಜೋಡಿಸಿ ಆಡಿದ್ದನ್ನು ರೋಬೋ ಆಡುವುದು ನೋಡಿ ಎಂಥ ಖುಷಿ ಆಯಿತು ಮಾರಾಯ್ರೆ.

ಸರ್ಕ್ಯೂಟ್_ಸುಬ್ಬಿ · ಬೆಳಿಗ್ಗೆ 7:34

ಲಗೋರಿ ಬಿಡಿ, 2019ರಲ್ಲಿ ಮಂಗೋಲಿಯಾ ಆಟದಲ್ಲಿ ಎರಡನೇ ರೋಬೋಗೆ ಗಾಲಿಯೇ ಇರುವಂತಿರಲಿಲ್ಲ. ನಾಲ್ಕು ಕಾಲಿನಲ್ಲಿ ಕುದುರೆಯ ಹಾಗೆ ನಡೆಯಬೇಕಿತ್ತು. ಆಗ ಈ ಚರ್ಚೆ ನಡೆದಿದ್ದರೆ ತಾತ 'ಕಾಲು ಬೇಡ' ಎಂದು ಬಿಡುತ್ತಿದ್ದರು.

ಟಾರ್ಕ್_ತಾತ · ಬೆಳಿಗ್ಗೆ 7:41

ಈಗಲೂ ಹೇಳುತ್ತೇನೆ. ಬೇಡ.

ವೇದಿಕೆ_ಕಾವಲುಗಾರ · ಬೆಳಿಗ್ಗೆ 8:02

ಲಗೋರಿಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಡ್ರೈವ್‌ಟ್ರೇನ್ (ರೋಬೋ ಓಡಿಸುವ ಗಾಲಿ, ಮೋಟಾರ್ ವ್ಯವಸ್ಥೆ) ಮಾತ್ರ.

ಸರ್ಕ್ಯೂಟ್_ಸುಬ್ಬಿ · ಬೆಳಿಗ್ಗೆ 8:15

ಸರಿ, ವಿಷಯಕ್ಕೆ ಬಂದೆ. ಮೆಕ್ಯಾನಿಕಲ್‌ನವರು ಗಾಲಿ ಬಗ್ಗೆ ಜಗಳ ಆಡುತ್ತಾರೆ, ಕೊನೆಗೆ ಸುಡುವುದು ನಮ್ಮ ಬೋರ್ಡ್. ಗುಂಡ, ಟೇಬಲ್ ಮೇಲಿನ ಎಸ್‌ಎಂಪಿಎಸ್‌ಗೆ (ಗೋಡೆ ಕರೆಂಟಿನಿಂದ ಡಿಸಿ ಕೊಡುವ ಪೆಟ್ಟಿಗೆ) ವೈರ್ ಕೊಟ್ಟು ಬೇಸ್ ಓಡಿಸಬೇಡ. ಬ್ರೇಕ್ ಹಾಕಿದಾಗ ಮೋಟಾರ್ ಜನರೇಟರ್ ಆಗಿ ಕರೆಂಟ್ ವಾಪಸ್ ಕಳಿಸುತ್ತದೆ. ಬ್ಯಾಟರಿ ಅದನ್ನು ನುಂಗಿಕೊಳ್ಳುತ್ತದೆ, ಎಸ್‌ಎಂಪಿಎಸ್ ನುಂಗುವುದಿಲ್ಲ. ವೋಲ್ಟೇಜ್ ಏರಿ ಎಸ್‌ಎಂಪಿಎಸ್ ಟ್ರಿಪ್ ಆಗುತ್ತದೆ, ಇಲ್ಲ ಡ್ರೈವರ್ ಬೋರ್ಡ್ ಹೋಗುತ್ತದೆ. ಆಮೇಲೆ ಹೊಸ ಬೋರ್ಡ್ ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ನಾವೇ ಓಡಬೇಕು.

ಎರಡನೆಯದು, ಜಾಯ್‌ಸ್ಟಿಕ್ ಪೂರ್ತಿ ತಳ್ಳಿದ ಕೂಡಲೇ ಮೋಟಾರಿಗೆ ಪೂರ್ತಿ ವೋಲ್ಟೇಜ್ ಕೊಡಬೇಡಿ. ವೇಗ ಮೆಲ್ಲಗೆ ಏರುವಂತೆ ಕೋಡ್‌ನಲ್ಲೇ ಮಿತಿ ಹಾಕಿ. ಪೀಣ್ಯ ಸರ್ ಲೆಕ್ಕದ 3 ಇದೆಯಲ್ಲ, ಅದನ್ನೇ ಮಿತಿ ಮಾಡಿ. ಗಾಲಿ ಜಾರುವುದೂ ನಿಲ್ಲುತ್ತದೆ, ಬ್ಯಾಟರಿ ವೋಲ್ಟೇಜ್ ಕುಸಿಯುವುದೂ ನಿಲ್ಲುತ್ತದೆ.

ಮಿಶಿಗನ್_ಅಮ್ಮ · ಬೆಳಿಗ್ಗೆ 8:29

ಸುಬ್ಬಿ ಹೇಳಿದ್ದು ನೂರಕ್ಕೆ ನೂರು. ಇಲ್ಲಿ 12 ವೋಲ್ಟ್ 18 ಆಂಪಿಯರ್ ಅವರ್‌ನ ಒಂದೇ ಲೆಡ್ ಬ್ಯಾಟರಿ, 120 ಆಂಪಿಯರ್‌ನ ಮುಖ್ಯ ಬ್ರೇಕರ್. ಎಲ್ಲ ಮೋಟಾರ್ ಒಟ್ಟಿಗೆ ಎಳೆದರೆ ವೋಲ್ಟೇಜ್ 7ರ ಕೆಳಗೆ ಬೀಳುತ್ತದೆ. ಆಗ ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಮೋಟಾರ್‌ಗಳನ್ನೇ ಆಫ್ ಮಾಡುತ್ತದೆ. ನೋಡುವವರಿಗೆ ರೋಬೋ ಬಿಕ್ಕಳಿಸಿದ ಹಾಗೆ ಕಾಣುತ್ತದೆ. ಹೊಸ ಮಕ್ಕಳು ಕೋಡ್‌ನಲ್ಲಿ ದೋಷ ಹುಡುಕುತ್ತಾ ಕೂರುತ್ತಾರೆ.

ಒಂಬತ್ತನೇ_ಕ್ಲಾಸ್ · ಬೆಳಿಗ್ಗೆ 8:40

ಅಂಕಲ್, ಆಂಟಿ, ನನ್ನದೊಂದು ಚಿಕ್ಕ ಡೌಟ್. ನಾವು ಶಾಲೆಯಲ್ಲಿ ಎಫ್‌ಟಿಸಿಗೆ (ಶಾಲಾ ಮಕ್ಕಳ ರೋಬೋ ಸ್ಪರ್ಧೆ) ಪುಟ್ಟ ರೋಬೋ ಮಾಡುತ್ತಿದ್ದೇವೆ, 18 ಇಂಚಿನ ಡಬ್ಬದೊಳಗೆ ಹಿಡಿಸಬೇಕು. ನಾಲ್ಕು ರಬ್ಬರ್ ಗಾಲಿ. ನೇರ ಚೆನ್ನಾಗಿ ಹೋಗುತ್ತದೆ, ತಿರುಗುವಾಗ ಕುಣಿಯುತ್ತದೆ. ಯಾಕೆ?

ಪೀಣ್ಯ_ಫಿಟ್ಟರ್ · ಬೆಳಿಗ್ಗೆ 8:52

ಡೌಟ್ ಚಿಕ್ಕದಲ್ಲ ಮರಿ, ಚೆನ್ನಾಗಿ ಕೇಳಿದೆ. ಟ್ಯಾಂಕ್ ಬೇಸ್ ತಿರುಗುವಾಗ ನಾಲ್ಕೂ ಗಾಲಿ ಅಡ್ಡ ಉಜ್ಜಿಕೊಂಡು ಹೋಗಬೇಕು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ದೂರ ಜಾಸ್ತಿ ಇದ್ದು, ಎಡ ಬಲದ ನಡುವೆ ದೂರ ಕಡಿಮೆ ಇದ್ದರೆ ಉಜ್ಜುವ ಬಲವೇ ಗೆಲ್ಲುತ್ತದೆ. ಗಾಲಿ ಅಂಟಿಕೊಂಡು, ಬಿಟ್ಟು, ಅಂಟಿಕೊಂಡು, ಬಿಟ್ಟು ಹೋಗುತ್ತದೆ. ಅದೇ ಕುಣಿತ. ಮುಂದಿನ ಎರಡು ಗಾಲಿ ತೆಗೆದು ಓಮ್ನಿ ಹಾಕು. ಇಲ್ಲವೇ ಮಿಶಿಗನ್ ಮೇಡಂ ಹೇಳಿದ ಹಾಗೆ ಆರು ಗಾಲಿ ಮಾಡಿ ನಡುವಿನದನ್ನು ಸ್ವಲ್ಪ ಕೆಳಗಿಳಿಸು. ಆಗ ಒಂದೇ ಹೊತ್ತಿಗೆ ನೆಲ ಮುಟ್ಟುವುದು ಪಕ್ಕಪಕ್ಕದ ನಾಲ್ಕೇ ಗಾಲಿ, ಸಲೀಸಾಗಿ ತಿರುಗುತ್ತದೆ.

ಒಂಬತ್ತನೇ_ಕ್ಲಾಸ್ · ಬೆಳಿಗ್ಗೆ 8:55

ಥ್ಯಾಂಕ್ಯೂ ಅಂಕಲ್!! ನಮ್ಮ ಹತ್ತಿರ ಎರಡು ಓಮ್ನಿ ಇದೆ, ಇವತ್ತೇ ಹಾಕುತ್ತೇವೆ.

ಕೋಡ್_ಕಾವೇರಿ · ಬೆಳಿಗ್ಗೆ 10:10

ತಾನಾಗಿ ಹೋಗಿ ನಿಲ್ಲಬೇಕು ಎಂದು ಗುಂಡ ಹೇಳಿದ್ದನ್ನು ಎಲ್ಲರೂ ಮರೆತಿದ್ದೀರಿ. ಓಮ್ನಿ ಬೇಸ್‌ನಲ್ಲಿ ಮೋಟಾರ್ ಎನ್ಕೋಡರ್ (ಸುತ್ತು ಎಣಿಸುವ ಸೆನ್ಸರ್) ನಂಬಿ ಜಾಗ ಲೆಕ್ಕ ಹಾಕಬೇಡಿ. ಗಾಲಿ ಜಾರಿದರೂ ಎನ್ಕೋಡರ್ ಎಣಿಸುತ್ತಲೇ ಇರುತ್ತದೆ. ಬೇಸ್ ಕೆಳಗೆ ಮೋಟಾರ್ ಇಲ್ಲದ ಎರಡು ಪುಟ್ಟ ಓಮ್ನಿ ಗಾಲಿ ಹಾಕಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಸ್ಪ್ರಿಂಗ್‌ನಿಂದ ನೆಲಕ್ಕೆ ಒತ್ತಿರಬೇಕು. ಅವಕ್ಕೆ ಎನ್ಕೋಡರ್ ಕೊಡಿ. ದಿಕ್ಕಿಗೆ ಜೈರೋ (ತಿರುವು ಅಳೆಯುವ ಸೆನ್ಸರ್). ಇಷ್ಟಾದರೆ ಯಾರಾದರೂ ಗುದ್ದಿ ತಳ್ಳಿದರೂ ರೋಬೋಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಿರುತ್ತದೆ.

ಸ್ಪಿನ್_ಮಾಸ್ಟರ್ · ಬೆಳಿಗ್ಗೆ 10:22

ಸ್ವರ್ವ್‌ನಲ್ಲಿ ಈ ಹೆಚ್ಚಿನ ಗಾಲಿಗಳ ಅಗತ್ಯವೇ ಇಲ್ಲ. ಗ್ರಿಪ್ ಇರುವುದರಿಂದ ಮೋಟಾರ್ ಎನ್ಕೋಡರ್ ಸಾಕು.

ಕೋಡ್_ಕಾವೇರಿ · ಬೆಳಿಗ್ಗೆ 10:26

ಗುದ್ದು ಬಿದ್ದಾಗ ಸ್ವರ್ವ್ ಗಾಲಿಯೂ ಅಡ್ಡ ಜಾರುತ್ತದೆ. ಆಗ ನಿಮ್ಮ ಎನ್ಕೋಡರ್ ಏನೂ ಆಗಿಲ್ಲ ಎಂದೇ ಹೇಳುತ್ತದೆ. ಎಫ್‌ಆರ್‌ಸಿಯವರು ಕ್ಯಾಮೆರಾದಿಂದ ಗುರುತಿನ ಚಿತ್ರ ನೋಡಿ ಜಾಗ ಸರಿಪಡಿಸಿಕೊಳ್ಳುವುದು ಯಾಕೆ ಮತ್ತೆ?

ಮಿಶಿಗನ್_ಅಮ್ಮ · ಬೆಳಿಗ್ಗೆ 10:30

ಹೌದು, ಅದಕ್ಕೇ ಕ್ಯಾಮೆರಾ 🙂

ಬೆಳಗಾವಿ_ಬೇರಿಂಗ್ · ಬೆಳಿಗ್ಗೆ 10:45

ಎರಡು ಸಾಲಿನ ರೋಲರ್ ಇರುವ ಓಮ್ನಿ ತಂದರೆ ಇನ್ನೊಂದು ನೆನಪಿಡಿ. ನೆಲ ಮುಟ್ಟುವ ಜಾಗ ಒಮ್ಮೆ ಒಳಸಾಲು, ಒಮ್ಮೆ ಹೊರಸಾಲು. ಅದಕ್ಕೇ ಬೇಸ್ ನಿಂತಲ್ಲೇ ತಿರುಗುವಾಗ ಸಣ್ಣಗೆ ನಡುಗುತ್ತದೆ. ಅದನ್ನು ಟ್ಯೂನ್ ಮಾಡಿ ತೆಗೆಯಲು ಹೋಗಬೇಡಿ, ಹೋಗುವುದಿಲ್ಲ. ಪ್ರತಿ ಆಟಕ್ಕೆ ಮೊದಲು ರೋಲರ್‌ಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಮರದ ಅಂಕಣದ ಧೂಳು ಅರ್ಧ ಗ್ರಿಪ್ ತಿನ್ನುತ್ತದೆ.

ಗಾಲಿ_ಗುಂಡ · ಮಧ್ಯಾಹ್ನ 1:35

ಎಲ್ಲರ ಮಾತನ್ನೂ ತಂಡದ ಮುಂದೆ ಓದಿದೆ. ಕ್ಯಾಂಟೀನಿನಲ್ಲಿ ದೊಡ್ಡ ಜಗಳವೇ ಆಯಿತು. ನಾಲ್ಕು ಓಮ್ನಿ, ಹಿಂದೆ ಆಡುವ ಅಡ್ಡಪಟ್ಟಿ, ಸ್ಟಾಪರ್ ಸಮೇತ. ಕೆಳಗೆ ಎರಡು ಅಳತೆಯ ಗಾಲಿ. ಸೀನಿಯರ್‌ಗಳ ಮೂರು ಗಾಲಿ ಬೇಸ್ ಕೋಡ್‌ನವರಿಗೆ ಈಗಿನಿಂದಲೇ ಅಭ್ಯಾಸಕ್ಕೆ. ಸ್ವರ್ವ್ ಗುಂಪಿಗೆ ಒಂದೇ ಒಂದು ಮಾಡ್ಯೂಲ್ ಮಾಡಿ ತೋರಿಸಿ ಎಂದು ಹೇಳಿದ್ದೇವೆ, ಮುಂದಿನ ವರ್ಷಕ್ಕೆ.

ಪೀಣ್ಯ ಸರ್, ಮೋಟಾರ್ ಶಾಫ್ಟಿಗೆ ಹಬ್ (ಗಾಲಿಯನ್ನು ಶಾಫ್ಟಿಗೆ ಜೋಡಿಸುವ ನಡುಭಾಗ) ಹೇಗೆ ಕೂರಿಸಲಿ? ನಮ್ಮ ಹತ್ತಿರ ಇರುವುದು ಗ್ರಬ್ ಸ್ಕ್ರೂ (ಬದಿಯಿಂದ ಶಾಫ್ಟನ್ನು ಒತ್ತುವ ತಲೆಯಿಲ್ಲದ ಸ್ಕ್ರೂ) ಇರುವ ಕಪ್ಲರ್.

ಡ್ರಮ್_ಭೀಮ · ಮಧ್ಯಾಹ್ನ 1:38

ಗ್ರಬ್ ಸ್ಕ್ರೂ ಒಂದನ್ನೇ ನಂಬಿದರೆ ಸೆಮಿಫೈನಲ್‌ನಲ್ಲೇ ಸಡಿಲ ಆಗುತ್ತದೆ. ಅದು ಮೊದಲ ಆಟದಲ್ಲಿ ಎಂದೂ ಸಡಿಲ ಆಗುವುದಿಲ್ಲ, ಗಮನಿಸಿ.

ಪೀಣ್ಯ_ಫಿಟ್ಟರ್ · ಮಧ್ಯಾಹ್ನ 2:10

ಶಾಫ್ಟಿನಲ್ಲಿ ಕೀವೇ (ಬೆಣೆ ಕೂರುವ ಗಾಡಿ) ಇದ್ದರೆ ಹಬ್‌ಗೂ ಕೀವೇ ಹಾಕಿಸು. ಡಿ ಶಾಫ್ಟ್ (ಒಂದು ಬದಿ ಚಪ್ಪಟೆ) ಆಗಿದ್ದರೆ ಸೀಳು ಬಿಟ್ಟು ಬೋಲ್ಟಿನಿಂದ ಬಿಗಿಯುವ ಕ್ಲಾಂಪ್ ಹಬ್ ಮಾಡಿಸು, ಚಪ್ಪಟೆ ಜಾಗಕ್ಕೆ ಒಂದು ಗ್ರಬ್ ಸ್ಕ್ರೂ ಜೊತೆಗೆ, ಥ್ರೆಡ್‌ಗೆ ಲಾಕ್‌ಟೈಟ್. ಅಡ್ಡಪಟ್ಟಿಯ ನಡು ಬೋಲ್ಟಿಗೆ ಬರೀ ತೂತು ಬೇಡ, ಗನ್‌ಮೆಟಲ್ ಬುಷ್ ಹಾಕಿಸು. ಡ್ರಾಯಿಂಗ್‌ನಲ್ಲಿ ಶಾಫ್ಟಿನ ಅಳತೆ ಕ್ಯಾಟಲಾಗ್ ನೋಡಿ ಬರೆಯಬೇಡ, ವರ್ನಿಯರ್ ಹಿಡಿದು ಅಳೆದು ಬರೆ.

ಗಾಲಿ_ಗುಂಡ · ಮಧ್ಯಾಹ್ನ 2:14

ಆಗಲಿ ಸರ್. ಶನಿವಾರ ಮೋಟಾರ್ ಸಮೇತ ಬರಬಹುದಾ?

ಪೀಣ್ಯ_ಫಿಟ್ಟರ್ · ಮಧ್ಯಾಹ್ನ 2:20

ಬಾ. ಮಧ್ಯಾಹ್ನದ ಮೇಲೆ ಬಾ, ಬೆಳಿಗ್ಗೆ ಲೇಥ್ ಖಾಲಿ ಇರುವುದಿಲ್ಲ. ನಾಲ್ಕೂ ಮೋಟಾರ್ ತಗೊಂಡು ಬಾ, ಒಂದೇ ತಂದು ಉಳಿದದ್ದೂ ಹಾಗೇ ಇದೆ ಅನ್ನಬೇಡ.

ಸ್ಪಿನ್_ಮಾಸ್ಟರ್ · ಮಧ್ಯಾಹ್ನ 2:31

ಗುಂಡ, ಆ ಸ್ವರ್ವ್ ಗುಂಪಿನವರನ್ನು ಇಲ್ಲಿಗೆ ಕಳಿಸು. ಒಂದು ಮಾಡ್ಯೂಲ್‌ನ ಡಿಸೈನ್ ನಾನು ಕೊಡುತ್ತೇನೆ.

ಟಾರ್ಕ್_ತಾತ · ಮಧ್ಯಾಹ್ನ 2:32

ಬೇಡ.